ಗುಜರಾತಿನಲ್ಲಿ ಇನ್ನೊಬ್ಬ ದೇಸಾಯಿ: ಅಡ್ಡಹೆಸರುಗಳ ಕುರಿತು ಒಂದು ವಿಚಾರ

ಒಂದೇ ಹೆಸರಿನ ಇಬ್ಬರನ್ನು ಬಿಡಿಸಿ ನೋಡುವ ಕೆಲಸ ಕನ್ನಡ ಸಾಹಿತ್ಯ ಚರಿತ್ರೆಯ ಅಭ್ಯಾಸಿಗಳಿಗೆ ಹೊಸದಲ್ಲ. ‘ಛಂದೋಂಬುಧಿ’ಯ ನಾಗವರ್ಮನೇ ಬೇರೆ, ‘ಕಾವ್ಯಾವಲೋಕನ’ದ ನಾಗವರ್ಮನೇ ಬೇರೆ ಎಂದು ನಿಶ್ಚಯಿಸುವುದಕ್ಕೆ ನಮ್ಮ ಹಿರಿಯ ವಿದ್ವಾಂಸರು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಗುಣವರ್ಮರೂ ಇಬ್ಬರೆಂದು ತೀರ್ಮಾನವಾಗಿ ಬಹುಕಾಲವಾಯಿತು. ಹೆಸರು ಒಂದಾದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎಂದು ತಿಳಿಯಬಾರದೆಂಬುದನ್ನು ನಾವು ತರಗತಿಯಲ್ಲಿ ಆರಂಭದಲ್ಲಿಯೇ ಹೇಳಿಕೊಡುತ್ತೇವೆ. ಆದರೆ ಆ ಇಬ್ಬರಲ್ಲಿ ಒಬ್ಬರು ನಾವೇ ಆಗಿ, ಇನ್ನೊಬ್ಬರು ಪರನಾಡಿನ ರೈಲುಗಾಡಿಯಲ್ಲಿ ಎದುರಿಗೆ ಬಂದು ಕುಳಿತಾಗ ಈ ಪಾಠ ಅಷ್ಟು ಸುಲಭವಾಗಿ ನೆನಪಿಗೆ ಬರುವುದಿಲ್ಲ. ಆಗ ಮನಸ್ಸು ಮೊದಲು ಹುಡುಕುವುದು ನಂಟನ್ನು. ನಂಟಿಲ್ಲವೆಂದು ತಿಳಿದ ಮೇಲೂ ಹೆಸರು ಹೇಗೆ ಒಂದಾಯಿತು ಎಂಬ ಪ್ರಶ್ನೆ ಉಳಿದುಕೊಳ್ಳುತ್ತದೆ. ಸ್ಥಳನಾಮಗಳ ಬಗೆಗೆ ಕನ್ನಡದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಅಡ್ಡಹೆಸರುಗಳಿಗೆ ಆ ಭಾಗ್ಯ ಅಷ್ಟಾಗಿ ಬಂದಿಲ್ಲ. ವಿಭಾಗದ ಈ ಸಂಪುಟಕ್ಕೆ ಲೇಖನ ಬೇಕೆಂದಾಗ, ನನ್ನ ಹೆಸರಿನ ಕಾರಣದಿಂದಲೇ ನನಗೆ ಎದುರಾದ ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಉಚಿತವೆನಿಸಿತು.

1997ರ ಜನವರಿಯಲ್ಲಿ ಜೈನ ಹಸ್ತಪ್ರತಿಗಳ ಸೂಚಿಗಳನ್ನು ನೋಡುವ ಸಲುವಾಗಿ ನಾನು ಗುಜರಾತಿಗೆ ಹೋಗಿದ್ದೆ. ಅಹಮದಾಬಾದಿನ ಲಾಲ್‌ಭಾಯಿ ದಲಪತ್‌ಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರ, ವಡೋದರೆಯ ಪ್ರಾಚ್ಯ ವಿದ್ಯಾಮಂದಿರ, ಕೊನೆಯಲ್ಲಿ ಒಂದೆರಡು ದಿನ ಸೂರತ್, ಹೀಗೆ ನನ್ನ ಪ್ರವಾಸದ ಕ್ರಮ. ನಮ್ಮ ಕಡೆಯ ಹಿರಿಯರು ಇಂಥದನ್ನು ‘ದೇಶಾಂತರ’ ಎನ್ನುತ್ತಿದ್ದರು. ಆ ಮಾತಿನಲ್ಲಿರುವ ‘ದೇಶ’ ಇಂದಿನ ರಾಷ್ಟ್ರವಲ್ಲ. ಒಂದು ನಾಡು, ಒಂದು ಸೀಮೆ. ಈ ಅರ್ಥ ಮುಂದೆ ಬೇಕಾಗುವುದರಿಂದ ಇಲ್ಲಿಯೇ ಗುರುತಿಸಿಟ್ಟಿದ್ದೇನೆ.

ಅಹಮದಾಬಾದಿನಲ್ಲಿ ಇಳಿದುಕೊಂಡ ವಸತಿಗೃಹದ ಪುಸ್ತಕದಲ್ಲಿ ಹೆಸರು ಬರೆದ ಕೂಡಲೇ ಅಲ್ಲಿಯ ಗುಮಾಸ್ತರು ನನ್ನೊಡನೆ ಗುಜರಾತಿಯಲ್ಲಿ ಮಾತಿಗೆ ತೊಡಗಿದರು. ನನಗೆ ಆ ಭಾಷೆ ಬಾರದೆಂದು ತಿಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಬಳಿಕ ಹಿಂದಿಯಲ್ಲಿ, “ನೀವು ಎಂಥ ದೇಸಾಯಿ? ಅನಾವಿಲರೋ, ಪಾಟೀದಾರರೋ, ರಬಾರಿಗಳೋ?” ಎಂದು ಕೇಳಿದರು. ನಾನು ಧಾರವಾಡದ ಕಡೆಯವನೆಂದೆ. ಅವರು ನಕ್ಕು, ಹಾಗಾದರೆ ಅದು ನಾಲ್ಕನೆಯ ಬಗೆ ಎಂದರು. ನಗೆಯ ಮಾತಾದರೂ ಅದರಲ್ಲಿ ವಿಷಯದ ತಿರುಳೇ ಇತ್ತು.

ಗುಜರಾತಿನಲ್ಲಿ ದೇಸಾಯಿ ಎಂಬುದು ಒಂದು ಜಾತಿಯ ಹೆಸರಲ್ಲ. ದಕ್ಷಿಣ ಗುಜರಾತಿನ ಸೂರತ್, ನವಸಾರಿ, ವಲಸಾಡಗಳ ಕಡೆ ಈ ಅಡ್ಡಹೆಸರು ಹೆಚ್ಚಾಗಿ ಅನಾವಿಲ ಬ್ರಾಹ್ಮಣರದು. 1896ರಲ್ಲಿ ವಲಸಾಡದ ಹತ್ತಿರದ ಭದೇಲಿಯಲ್ಲಿ ಹುಟ್ಟಿದ ಮೊರಾರ್ಜಿ ದೇಸಾಯಿ, ಸೂರತ್ ಜಿಲ್ಲೆಯ ಸರಸದಲ್ಲಿ ಹುಟ್ಟಿ 1917ರಿಂದ 1942ರ ವರೆಗೆ ಗಾಂಧೀಜಿಯವರ ಕಾರ್ಯದರ್ಶಿಯಾಗಿದ್ದ ಮಹಾದೇವ ದೇಸಾಯಿ ಇಬ್ಬರೂ ಅನಾವಿಲರು. ಮಧ್ಯ ಗುಜರಾತಿನ ಖೇಡಾ ಪ್ರಾಂತದಲ್ಲಿ ಇದೇ ಹೆಸರನ್ನು ಪಾಟೀದಾರರ ಕೆಲವು ಮನೆತನಗಳು ಇಟ್ಟುಕೊಂಡಿವೆ. ರಾಷ್ಟ್ರೀಯ ಹೋರಾಟದಲ್ಲಿ ತಮ್ಮ ಸಂಸ್ಥಾನವನ್ನೇ ಕಳೆದುಕೊಂಡ ದರಬಾರ್ ಗೋಪಾಲದಾಸ ದೇಸಾಯಿ ಅವರು ಅಂಥ ಮನೆತನದವರು. ಅಹಮದಾಬಾದಿನಲ್ಲಿಯೂ ಉತ್ತರ ಗುಜರಾತಿನಲ್ಲಿಯೂ ದನಕರುಗಳನ್ನು ಸಾಕಿ ಹಾಲಿನ ವ್ಯಾಪಾರ ಮಾಡುವ ರಬಾರಿಗಳಲ್ಲಿ ಅನೇಕರು ತಮ್ಮನ್ನು ದೇಸಾಯಿ ಎಂದು ಕರೆದುಕೊಳ್ಳುತ್ತಾರೆ. ಮಾರನೆಯ ದಿನ ಸಬರಮತಿ ಆಶ್ರಮಕ್ಕೆ ಹೋದಾಗ ಮಹಾದೇವ ದೇಸಾಯಿಯವರ ಹೆಸರಿನ ಮುಂದೆ ಅರೆಗಳಿಗೆ ಹೆಚ್ಚು ನಿಂತೆನೆಂಬುದನ್ನು ಮುಚ್ಚಿಡಲಾರೆ. ಯಾವ ಸಂಬಂಧವೂ ಇಲ್ಲದವರ ಕೀರ್ತಿಯಲ್ಲಿಯೂ ಹೆಸರು ನಮಗೊಂದು ಪಾಲು ಕೊಟ್ಟಂತೆ ಭಾಸವಾಗುತ್ತದೆ. ಇದು ಮನುಷ್ಯಸಹಜವಾದ ದೌರ್ಬಲ್ಯ.

ಕರ್ನಾಟಕದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ನಮ್ಮಲ್ಲಿ ಲಿಂಗಾಯತ ದೇಸಾಯಿಗಳಿದ್ದಾರೆ, ಬ್ರಾಹ್ಮಣ ದೇಸಾಯಿಗಳಿದ್ದಾರೆ, ಜೈನ, ಮರಾಠ ದೇಸಾಯಿಗಳಿದ್ದಾರೆ. 1824ರಲ್ಲಿ ಕಂಪನಿ ಸರಕಾರವನ್ನು ಎದುರಿಸಿದ ಕಿತ್ತೂರಿನ ಅರಸರು ಬ್ರಿಟಿಷರ ದಾಖಲೆಗಳಲ್ಲಿ ‘ಕಿತ್ತೂರಿನ ದೇಸಾಯಿ’ಗಳು. ತಮ್ಮ ದೇಸಗತಿಯ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆ ಬಿಟ್ಟು 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿ ಅವರ ಹೆಸರನ್ನು ಬೆಳಗಾವಿ, ಧಾರವಾಡಗಳಲ್ಲಿ ಓದಿದವರೆಲ್ಲ ಬಲ್ಲರು. ಸಾಹಿತ್ಯ, ಸಂಶೋಧನೆಗಳಿಗೆ ಬಂದರೆ ಶಾಸನತಜ್ಞ ಪಾಂಡುರಂಗ ಭೀಮರಾವ ದೇಸಾಯಿ, ಚುಟುಕಗಳ ದಿನಕರ ದೇಸಾಯಿ, ‘ಮುಕ್ತಿ’, ‘ಓಂ ಣಮೋ’ ಕಾದಂಬರಿಗಳ ಶಾಂತಿನಾಥ ದೇಸಾಯಿ ಈ ಮೂವರು ಕೂಡಲೇ ನೆನಪಾಗುತ್ತಾರೆ. ಈ ಮೂವರೂ ಪರಸ್ಪರ ಬಂಧುಗಳಲ್ಲ. ಗುಜರಾತಿಯಲ್ಲಿಯೂ ವಡೋದರಾ ಸಂಸ್ಥಾನದ ಸೇವೆಯಲ್ಲಿದ್ದ ರಮಣಲಾಲ ವಸಂತಲಾಲ ದೇಸಾಯಿ ಹೆಸರಾಂತ ಕಾದಂಬರಿಕಾರರು. ಎರಡು ಭಾಷೆಗಳ ಗ್ರಂಥಸೂಚಿಗಳನ್ನು ಒಂದುಗೂಡಿಸಿದರೆ ‘ದೇಸಾಯಿ’ ಎಂಬ ಶೀರ್ಷಿಕೆಯ ಕೆಳಗೆ ಒಂದು ಸಣ್ಣ ಪರಿಷತ್ತೇ ಸೇರುತ್ತದೆ.

ಹಾಗಾದರೆ ಈ ಹೆಸರನ್ನು ಒಂದಾಗಿಸಿದ್ದು ಯಾವುದು? ಅದು ರಕ್ತವೂ ಅಲ್ಲ, ಜಾತಿಯೂ ಅಲ್ಲ, ಒಂದು ಹುದ್ದೆ. ಸುಲ್ತಾನರ ಹಾಗೂ ಮೊಗಲರ ಆಡಳಿತದಲ್ಲಿ ಹಲವು ಹಳ್ಳಿಗಳ ಒಂದು ಕೂಟಕ್ಕೆ ಪರಗಣೆ ಎಂದು ಹೆಸರು. ಆ ಪರಗಣೆಯ ಕಂದಾಯಕ್ಕೆ ಹೊಣೆಯಾಗಿ, ಸಾಗುವಳಿ ನಿಲ್ಲದಂತೆ ನೋಡಿಕೊಂಡು, ಅದಕ್ಕೆ ಪ್ರತಿಯಾಗಿ ಇನಾಮು ಭೂಮಿಯನ್ನೂ ವಸೂಲಿಯಲ್ಲಿ ಒಂದು ಪಾಲನ್ನೂ ವಂಶಪಾರಂಪರ್ಯವಾಗಿ ಅನುಭವಿಸುತ್ತಿದ್ದ ಸ್ಥಳೀಯ ಪ್ರಮುಖನನ್ನು ಉತ್ತರ ಹಿಂದುಸ್ತಾನದಲ್ಲಿ ಚೌಧರಿ ಎಂದೂ ಮಹಾರಾಷ್ಟ್ರದಲ್ಲಿ ದೇಶಮುಖ ಎಂದೂ ಗುಜರಾತಿನಲ್ಲಿ ದೇಸಾಯಿ ಎಂದೂ ಕರೆದರು. ಆದಿಲಶಾಹಿಗೆ ಸೇರಿದ ಕನ್ನಡ ಸೀಮೆಯಲ್ಲಿಯೂ ದೇಸಾಯಿ ಎಂಬುದೇ ರೂಢಿಯಾಯಿತು. ದೇಸಾಯಿಯ ಜೊತೆಗೆ ಲೆಕ್ಕಪತ್ರ ನೋಡಿಕೊಳ್ಳುವವನು ನಮ್ಮಲ್ಲಿ ದೇಶಪಾಂಡೆ, ಗುಜರಾತಿನಲ್ಲಿ ಮಜಮುದಾರ. ಅರಸರು ಬದಲಾದರೂ ಈ ಮನೆತನಗಳು ಬದಲಾಗಲಿಲ್ಲ. ಬಿಜಾಪುರ 1686ರಲ್ಲಿ ಬಿದ್ದಿತು. ದೇಸಗತಿಗಳು ಮೊಗಲರಿಗೂ ಪೇಶ್ವೆಗಳಿಗೂ ಅದೇ ಕೆಲಸವನ್ನು ಮುಂದುವರಿಸಿದವು.

ಹೆಸರಿನ ಪೂರ್ವಾರ್ಧ ‘ದೇಶ’ ಎಂಬುದರಲ್ಲಿ ಸಂದೇಹವಿಲ್ಲ. ಅದು ಮೇಲೆ ಹೇಳಿದ ಸೀಮೆ ಎಂಬ ಅರ್ಥದ ದೇಶವೇ. ಕನ್ನಡಿಗರಿಗೆ ಇಲ್ಲಿ ಗಮನಾರ್ಹವಾದುದು ಇನ್ನೊಂದಿದೆ. ಈ ಹುದ್ದೆಗೆ ನಮ್ಮಲ್ಲಿ ‘ನಾಡಗೌಡ’ ಎಂಬ ಅಚ್ಚಗನ್ನಡದ ಹೆಸರಿದೆ. ದೇಶಪಾಂಡೆಗೆ ಪ್ರತಿಯಾಗಿ ‘ನಾಡಕರಣಿ’, ‘ನಾಡಿಗ’ ಎಂಬ ಹೆಸರುಗಳಿವೆ. ನಾಡು ಎಂದರೆ ದೇಶ; ನಾಡಗೌಡ ಎಂದರೆ ದೇಸಾಯಿ. ಅಂದರೆ ಆಡಳಿತದ ಭಾಷೆ ಬದಲಾದಾಗ ಕೆಲವು ಮನೆತನಗಳ ಹೆಸರು ಅನುವಾದಗೊಂಡಿತು, ಕೆಲವು ಮನೆತನಗಳದು ಹಾಗೆಯೇ ಉಳಿಯಿತು. ನನ್ನ ಮನೆತನ ಮೊದಲನೆಯ ವರ್ಗದ್ದು. ಅಜ್ಜನ ಕಾಲದ ಒಂದೆರಡು ಹಳೆಯ ಕಾಗದಗಳಲ್ಲಿ ನಮ್ಮ ಹೆಸರು ನಾಡಗೌಡ ಎಂದೇ ಇದೆ. ತಂದೆಯವರನ್ನು ಶಾಲೆಗೆ ಸೇರಿಸುವಾಗ ದಾಖಲೆ ಪುಸ್ತಕದಲ್ಲಿ ದೇಸಾಯಿ ಎಂದು ಬರೆಯಲಾಯಿತು. ಬರೆಸಿದವರು ಅಜ್ಜನೋ, ಬರೆದುಕೊಂಡ ಮಾಸ್ತರರೋ, ಮನೆಯಲ್ಲಿ ಎರಡು ಬಗೆಯಾಗಿಯೂ ಹೇಳುತ್ತಿದ್ದರು. ನಾನಂತೂ ಹುಟ್ಟಿದ್ದು ದೇಸಾಯಿಯಾಗಿಯೇ.

ಎಲ್ಲ ಸಮಾನ ನಾಮಗಳಿಗೂ ಇದೇ ವಿವರಣೆಯನ್ನು ಹೊಂದಿಸಬಹುದೆಂದು ತಿಳಿದರೆ ತಪ್ಪಾಗುತ್ತದೆ. ವಡೋದರಾ ಅದಕ್ಕೆ ಒಳ್ಳೆಯ ನಿದರ್ಶನ. ಆ ನಗರದಲ್ಲಿ ಅಮೀನ್ ಎಂಬ ಹೆಸರು ಬಹು ಪರಿಚಿತವಾದುದು. 1907ರಲ್ಲಿ ಆರಂಭವಾದ ಅಲೆಂಬಿಕ್ ಔಷಧ ಕಾರ್ಖಾನೆಯನ್ನು ಬೆಳೆಸಿದ ಭಾಯಿಲಾಲ್‌ಭಾಯಿ ಅಮೀನ್ ಅವರ ಕಾರಣದಿಂದ ಅದು ಅಲ್ಲಿಯ ಬೀದಿಬೀದಿಗೂ ಗೊತ್ತು. ಗುಜರಾತಿನ ಅಮೀನರು ಪಾಟೀದಾರರು. ‘ನಂಬಿಕೆಗೆ ಯೋಗ್ಯನಾದವನು’ ಎಂಬ ಅರ್ಥದ ಅರಬ್ಬಿ ಶಬ್ದವು ಫಾರಸಿ ಆಡಳಿತದ ಮೂಲಕ ಬಂದು, ಕಂದಾಯ ನಿಗದಿಮಾಡುವ ಅಧಿಕಾರಿಯ ಹೆಸರಾಗಿ, ಮುಂದೆ ತಂದೆಯಿಂದ ಮಗನಿಗೆ ಇಳಿದ ಅಡ್ಡಹೆಸರಾಯಿತು. ನಮ್ಮ ತುಳುನಾಡಿನಲ್ಲಿಯೂ ಬಿಲ್ಲವರಲ್ಲಿ, ಮೊಗವೀರರಲ್ಲಿ ಅಮೀನ್ ಇದೆ. ಆದರೆ ಅದು ಬಳಿಯ ಹೆಸರು. ಅಳಿಯಸಂತಾನದ ಕ್ರಮದಲ್ಲಿ ತಾಯಿಯಿಂದ ಬರುವಂಥದು. ಸಾಲಿಯಾನ, ಬಂಗೇರ, ಕೋಟ್ಯಾನಗಳ ಸಾಲಿನಲ್ಲಿ ನಿಲ್ಲುವ ಆ ಹೆಸರಿಗೂ ಪಾಟೀದಾರರ ಕಂದಾಯದ ಹುದ್ದೆಗೂ ಧ್ವನಿಸಾಮ್ಯವನ್ನು ಬಿಟ್ಟರೆ ಬೇರೆ ಸಂಬಂಧ ಕಾಣದು. ವಡೋದರೆಯಲ್ಲಿ ಉಡುಪಿ ಹೋಟೆಲೊಂದನ್ನು ನಡೆಸುತ್ತಿದ್ದ ತುಳುವರೊಬ್ಬರು ಊಟದ ಹೊತ್ತಿನಲ್ಲಿ ಇದನ್ನೇ ಸ್ವಾರಸ್ಯವಾಗಿ ಹೇಳಿದರು: ತಾನು ಅಮೀನನೆಂದು ತಿಳಿದಾಗ ಜನ ಯಾವ ಊರಿನ ಪಟೇಲರೆಂದು ಕೇಳುತ್ತಾರೆ, ಅದು ತಾಯಿಯ ಕಡೆಯಿಂದ ಬಂದ ಹೆಸರೆಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಜೋಶಿ, ಭಟ್ಟ, ನಾಯಕ ಮೊದಲಾದವು ಇನ್ನೂ ಬೇರೆ ಜಾತಿಯ ಹೆಸರುಗಳು. ಜ್ಯೋತಿಷ ಹೇಳುವವರು ಎಲ್ಲ ಕಡೆಯೂ ಇದ್ದರು. ಆದ್ದರಿಂದ ಜೋಶಿಗಳೂ ಎಲ್ಲ ಕಡೆ ಇದ್ದಾರೆ. ಅವುಗಳ ವಿಚಾರವನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಪ್ರಾಚ್ಯ ವಿದ್ಯಾಮಂದಿರದಲ್ಲಿ ಇನ್ನೊಂದು ಬಗೆಯ ಸಮಾನ ನಾಮ ನನಗಾಗಿ ಕಾದಿತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮೊದಲು ಅಚ್ಚಾಗಿ ಹೊರಬಂದದ್ದು ವಡೋದರೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ, 1925, 1939, 1961ರಲ್ಲಿ ಮೂರು ಸಂಪುಟಗಳಾಗಿ. ಆ ಹೆಸರನ್ನು ಹುಡುಕಿದರೆ ಪಕ್ಕದಲ್ಲಿಯೇ ಇನ್ನೊಬ್ಬ ಸೋಮೇಶ್ವರ ಸಿಗುತ್ತಾನೆ. ಇವನು ಹದಿಮೂರನೆಯ ಶತಮಾನದವನು, ಗುಜರಾತಿನ ಚೌಲುಕ್ಯರ ಪುರೋಹಿತ, ಮಂತ್ರಿ ವಸ್ತುಪಾಲನನ್ನು ಕೊಂಡಾಡಿ ‘ಕೀರ್ತಿಕೌಮುದಿ’ಯನ್ನು ಬರೆದವನು. ಒಬ್ಬ ಚಾಲುಕ್ಯ, ಇನ್ನೊಬ್ಬ ಚೌಲುಕ್ಯರ ಆಶ್ರಿತ. ಇಲ್ಲಿ ವ್ಯಕ್ತಿಗಳ ಹೆಸರಷ್ಟೇ ಅಲ್ಲ, ರಾಜವಂಶಗಳ ಹೆಸರೂ ಒಂದಕ್ಕೊಂದು ತಾಗುತ್ತದೆ. ಈ ಎರಡು ವಂಶಗಳು ಒಂದೇ ಮೂಲದವೇ ಎಂಬುದರ ಬಗೆಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ವಿಚಿತ್ರವೆಂದರೆ ಎರಡೂ ಕಡೆ ಒಂದೇ ಕಥೆಯಿದೆ. ಬ್ರಹ್ಮನ ಚುಲುಕದಿಂದ, ಎಂದರೆ ಬೊಗಸೆಯ ನೀರಿನಿಂದ, ಮೂಲಪುರುಷ ಹುಟ್ಟಿದನೆಂದು ಬಿಲ್ಹಣ ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಕಲ್ಯಾಣದ ಚಾಲುಕ್ಯರ ಬಗೆಗೆ ಹೇಳುತ್ತಾನೆ, ಕುಮಾರಪಾಲನ ಕಾಲದ ವಡನಗರ ಪ್ರಶಸ್ತಿ ಗುಜರಾತಿನವರ ಬಗೆಗೆ ಅದನ್ನೇ ಹೇಳುತ್ತದೆ. ಬಿಲ್ಹಣನೋ ಎರಡು ಆಸ್ಥಾನಗಳನ್ನೂ ಕಂಡವನು. ಗುಜರಾತಿನ ಕರ್ಣರಾಜನನ್ನು ನಾಯಕನನ್ನಾಗಿ ಮಾಡಿ ‘ಕರ್ಣಸುಂದರಿ’ ನಾಟಿಕೆಯನ್ನು ಬರೆದು, ಬಳಿಕ ದಕ್ಷಿಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ವಿದ್ಯಾಪತಿಯಾದ. (ಗುರ್ಜರರ ಬಗೆಗೆ ಅವನು ಆಡಿರುವ ಕಹಿಮಾತುಗಳನ್ನು ನೋಡಿದರೆ ಅಲ್ಲಿ ಅವನಿಗೆ ಮರ್ಯಾದೆ ಸಾಲದೆ ಹೋಗಿರಬೇಕು.) ಆ ಕರ್ಣನ ರಾಣಿ ಮಯಣಲ್ಲೆ ಕದಂಬ ಜಯಕೇಶಿಯ ಮಗಳು, ಸಿದ್ಧರಾಜ ಜಯಸಿಂಹನ ತಾಯಿ. ಎಂದರೆ ಗುಜರಾತಿನ ಜಯಸಿಂಹನಿಗೆ ನಮ್ಮ ಕಡೆಯ ನಂಟು ಇದ್ದದ್ದು ಚಾಲುಕ್ಯ ಎಂಬ ಹೆಸರಿನ ಮೂಲಕವಲ್ಲ, ಹೆಸರೇ ಬೇರೆಯಾದ ಕದಂಬರ ಮನೆಯ ಮೂಲಕ. ಹೆಸರು ಸೂಚಿಸುವ ಕಡೆ ನಂಟು ಸಂದೇಹಾಸ್ಪದ. ನಂಟು ನಿಜವಾಗಿ ಇರುವ ಕಡೆ ಹೆಸರು ಅದನ್ನು ಸೂಚಿಸುವುದೇ ಇಲ್ಲ.

ಈ ಗುಂಗಿನಲ್ಲಿಯೇ ಮಾರನೆಯ ದಿನ ವಡೋದರಾ ನಿಲ್ದಾಣಕ್ಕೆ ಬಂದೆ. ಸೂರತ್ ಸುಮಾರು 130 ಕಿಲೋಮೀಟರ್. ಎರಡು ಗಂಟೆಯ ಹಾದಿ. ಆಗ ಗಾಡಿಯ ಬಾಗಿಲ ಬಳಿ ಕಾಯ್ದಿರಿಸಿದವರ ಪಟ್ಟಿಯನ್ನು ಅಂಟಿಸುತ್ತಿದ್ದರು. ಅದರಲ್ಲಿ ನನ್ನ ಹೆಸರು ಎರಡು ಸಲ ಇತ್ತು. ನನ್ನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಅಡ್ಡಹೆಸರು ಮೂರೂ ಒಂದೇ. ವಯಸ್ಸಿನ ಅಂಕಿಗಳು ಮಾತ್ರ ಬೇರೆ: ಒಂದು ಕಡೆ 67, ಇನ್ನೊಂದು ಕಡೆ 41. ಒಳಗೆ ಹೋದಾಗ ನನ್ನ ಜಾಗದಲ್ಲಿ ಬಿಳಿಯ ಅಂಗಿ ತೊಟ್ಟ ಹಿರಿಯರೊಬ್ಬರು ಕುಳಿತಿದ್ದರು. ನಾನು ಹೆಸರು ಹೇಳಿದೆ. ಅವರು ತಮ್ಮನ್ನು ಯಾರೋ ಕರೆದರೆಂದು ತಿಳಿದು “ಹೌದು” ಎಂದರು.

ಅವರು ನವಸಾರಿಯ ಕಡೆಯ ಹಳ್ಳಿಯವರು, ನಿವೃತ್ತ ಶಾಲಾ ಅಧ್ಯಾಪಕರು, ಅನಾವಿಲರು. ಮೊದಲಕ್ಷರಗಳ ಹಿಂದಿದ್ದ ಹೆಸರುಗಳನ್ನು ಬಿಡಿಸಿದಾಗ ನಮ್ಮಿಬ್ಬರ ಹೆಸರೂ ಒಂದೇ, ತಂದೆಯರ ಹೆಸರು ಮಾತ್ರ ಬೇರೆ ಎಂದು ತಿಳಿಯಿತು. ಆದರೂ ಅವರು ಅಷ್ಟಕ್ಕೆ ಬಿಡಲಿಲ್ಲ. ಗೋತ್ರ ಕೇಳಿದರು, ಕುಲದೇವತೆಯನ್ನು ಕೇಳಿದರು, ನಮ್ಮ ಹಿರಿಯರು ಯಾವಾಗಲಾದರೂ ಸೂರತ್ತಿನಿಂದ ದಕ್ಷಿಣಕ್ಕೆ ವಲಸೆ ಹೋಗಿದ್ದರೇ ಎಂದು ಕೇಳಿದರು. ಒಂದೂ ಹೊಂದಲಿಲ್ಲ. ನರ್ಮದೆಯ ಸೇತುವೆ ದಾಟುವ ಹೊತ್ತಿಗೆ ಇಬ್ಬರಿಗೂ ಇದು ಮನವರಿಕೆಯಾಗಿತ್ತು. ಅವರ ಮುಖದಲ್ಲಿ ತುಸು ನಿರಾಶೆ ಕಂಡಿತು. ನನ್ನಲ್ಲಿಯೂ ಅದು ಇತ್ತು ಎಂಬುದೇ ನನಗೆ ಆಶ್ಚರ್ಯ.

ಆಗ ನಾನು ಅವರ ಗಮನಕ್ಕೆ ತಂದದ್ದು ಹೆಸರನ್ನಲ್ಲ, ಹೆಸರಿನ ಜೋಡಣೆಯನ್ನು. ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಯಲ್ಲಿ ಮನೆತನದ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ ಎಂಬಂತೆಯೇ ಮೋಹನದಾಸ ಕರಮಚಂದ ಗಾಂಧಿ. ಹಳೆಯ ಮೈಸೂರಿನಲ್ಲಿ ಈ ಕ್ರಮವಿಲ್ಲ; ಅಲ್ಲಿ ಊರು ಮುಂದೆ, ತಂದೆ ನಡುವೆ, ತಾನು ಕೊನೆಗೆ. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಹಂಚಿಕೊಂಡ ಇಬ್ಬರನ್ನೇ ನೋಡಬಹುದು: ಕುಪ್ಪಳಿ ವೆಂಕಟಪ್ಪಗೌಡ ಪುಟ್ಟಪ್ಪ ಮತ್ತು ಉಮಾಶಂಕರ ಜೇಠಾಲಾಲ ಜೋಶಿ. ಹೆಸರಿನ ಆಕಾರದ ದೃಷ್ಟಿಯಿಂದ ಧಾರವಾಡದ ನಾನು ಕುವೆಂಪು ಅವರಿಗಿಂತ ಉಮಾಶಂಕರರಿಗೆ ಹತ್ತಿರದವನು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 1956ರ ನವೆಂಬರ್ 1ರ ವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಸೂರತ್, ಅಹಮದಾಬಾದ್ ಜಿಲ್ಲೆಗಳೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ವಡೋದರಾ ಸಂಸ್ಥಾನವೂ 1949ರಲ್ಲಿ ಅದರೊಳಗೆ ಸೇರಿತು. ಶಾಲೆಯ ದಾಖಲೆಗಳಲ್ಲಿಯೂ ಕಚೇರಿಯ ಕಾಗದಗಳಲ್ಲಿಯೂ ಹೆಸರನ್ನು ಮೂರು ಭಾಗವಾಗಿ ಬರೆಯುವ ರೂಢಿ ಒಂದೇ ಆಗಿತ್ತು. 1952ರಿಂದ 1956ರ ವರೆಗೆ ನನ್ನ ತಂದೆಗೂ ಈ ಹಿರಿಯರಿಗೂ ಒಬ್ಬರೇ ಮುಖ್ಯಮಂತ್ರಿ, ಅವರೂ ದೇಸಾಯಿ.

ಹುದ್ದೆ ಕೊನೆಗೊಂಡದ್ದೂ ಎರಡು ಕಡೆ ಒಂದೇ ಬಗೆಯಾಗಿ. 1860ರ ದಶಕದಲ್ಲಿ ಮುಂಬಯಿ ಸರಕಾರ ಈ ವತನದಾರರನ್ನು ಸೇವೆಯಿಂದ ಬಿಡುಗಡೆ ಮಾಡಿತು. ಆದಾಯದಲ್ಲಿ ಒಂದು ಅಂಶವನ್ನು ತಾನು ಹಿಡಿದುಕೊಂಡು ಉಳಿದುದನ್ನು ಅವರಿಗೇ ಬಿಟ್ಟಿತು. ದಕ್ಷಿಣದಲ್ಲಿ ಇದು ಗಾರ್ಡನ್ ಒಪ್ಪಂದವೆಂದೂ ಗುಜರಾತಿನಲ್ಲಿ ಪೆಡರ್ ಒಪ್ಪಂದವೆಂದೂ ಪ್ರಸಿದ್ಧ. ಕೆಲಸ ಹೋಯಿತು, ಭೂಮಿ ಉಳಿಯಿತು, ಹೆಸರೂ ಉಳಿಯಿತು. ಕೊನೆಗೆ 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯಿದೆ ವತನವನ್ನೇ ತೊಡೆದುಹಾಕಿತು. ಹುದ್ದೆ ಇದ್ದಾಗ ಅದು ಬಿರುದು. ಹುದ್ದೆ ಹೋದ ಮೇಲೆ ಅದು ಅಡ್ಡಹೆಸರಾಗಿ ಮನೆಯ ಮಕ್ಕಳಿಗೆಲ್ಲ ಹಂಚಿಹೋಯಿತು.

ನಾನು ನಾಡಗೌಡರ ವಿಷಯವನ್ನು ಹೇಳಿದಾಗ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ತಮ್ಮ ಮನೆಯ ಮಾತನ್ನು ಹೇಳಿದರು. ಅನಾವಿಲರಲ್ಲಿ ದೇಸಾಯಿ, ಭಾಠೇಲಾ ಎಂಬ ಎರಡು ಶ್ರೇಣಿಗಳಿವೆ. ಕಂದಾಯದ ಅಧಿಕಾರ ಹಿಡಿದ ಮನೆತನಗಳು ದೇಸಾಯಿಗಳಾದವು. ಬೇಸಾಯವನ್ನೇ ನೆಚ್ಚಿದವರು ಭಾಠೇಲಾಗಳು. ದೇಸಾಯಿಗಳು ಭಾಠೇಲಾಗಳಿಂದ ಹೆಣ್ಣು ತರುತ್ತಿದ್ದರು, ಅವರಿಗೆ ಹೆಣ್ಣು ಕೊಡುತ್ತಿರಲಿಲ್ಲ. ಮೇಲಿನ ಮನೆಗೆ ಮಗಳನ್ನು ಸೇರಿಸಲು ಭಾಠೇಲಾ ತಂದೆಯಂದಿರು ವರದಕ್ಷಿಣೆಗಾಗಿ ನೆಲ ಕಳೆದುಕೊಂಡದ್ದೂ ಉಂಟು. ವಾನ್ ದೆರ್ ವೀನ್ ಎಂಬ ಡಚ್ ವಿದ್ವಾಂಸರು 1972ರಲ್ಲಿ ಈ ವಿವಾಹಪದ್ಧತಿಯನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದ್ದಾರೆ. “ನಮ್ಮ ಅಜ್ಜ ಭಾಠೇಲಾ” ಎಂದರು ಹಿರಿಯರು. “ದೇಸಾಯಿ ಎಂದು ಬರೆಯಲು ತೊಡಗಿದವರು ನಮ್ಮ ತಂದೆ. ಅಕ್ಕನ ಮದುವೆಯ ಕಾಲ ಅದು.” ಹೀಗೆ ಒಂದೇ ಹೆಸರಿನ ಬಲದಿಂದ ಎದುರುಬದುರಾದ ಇಬ್ಬರ ಅಜ್ಜಂದಿರಿಗೂ ಆ ಹೆಸರು ಇರಲಿಲ್ಲ. ಒಬ್ಬರಿಗೆ ಅದು ಭಾಷಾಂತರದಿಂದ ಬಂದಿತ್ತು, ಇನ್ನೊಬ್ಬರಿಗೆ ಹೆಣ್ಣುಮಗಳೊಬ್ಬಳ ಮದುವೆಯ ಚಿಂತೆಯಿಂದ.

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ದೇಸಾಯಿ ಎಂಬ ಹೆಸರು ಬರುವುದಕ್ಕೆ ಮುಂಚೆ ನಿಮ್ಮ ಅಜ್ಜನನ್ನು ಊರಿನವರು ಏನೆಂದು ಕರೆಯುತ್ತಿದ್ದರು? ಎಲ್ಲರೂ ಒಂದೇ ಬಗೆಯಾಗಿ ಕರೆಯುತ್ತಿರಲಿಲ್ಲ ಎಂದರು. ಹೊಲದಲ್ಲಿ ದುಡಿಯುವವರು ಏನನ್ನುತ್ತಿದ್ದರು ಎಂದೆ. “ಧಣಿಯಾಮೊ” ಎಂದರು.

ಆ ಶಬ್ದ ಕಿವಿಗೆ ಬಿದ್ದಾಗ ನಾನು ಒಂದು ಕ್ಷಣ ಕನ್ನಡ ಕೇಳಿದೆನೆಂದೇ ತಿಳಿದೆ. ನಮ್ಮ ಊರಿನಲ್ಲಿ ನನ್ನ ಅಜ್ಜನನ್ನು ಹೊಲದವರು ನಾಡಗೌಡರೇ ಎಂದಾಗಲಿ ದೇಸಾಯರೇ ಎಂದಾಗಲಿ ಕರೆದದ್ದನ್ನು ನಾನು ಕೇಳಿಲ್ಲ. ಅವರ ಬಾಯಲ್ಲಿ ಇದ್ದದ್ದು ‘ಧಣಿ’. ಗುಜರಾತಿಯಲ್ಲಿ ಒಡೆಯನಿಗೆ, ಗಂಡನಿಗೆ ಹೇಳುವ ‘ಧಣೀ’, ಕನ್ನಡದ ‘ಧಣಿ’ ಎರಡೂ ‘ಧನ’ಕ್ಕೆ ಸಂಬಂಧಿಸಿದ ಒಂದೇ ಶಬ್ದದ ರೂಪಗಳು. ದಕ್ಷಿಣ ಗುಜರಾತಿನಲ್ಲಿ ಧಣಿಯಾಮೊ ಎಂಬವನ ಎದುರಿಗೆ ಇದ್ದವನು ಹಾಳಿ, ಎಂದರೆ ನೇಗಿಲಾಳು. ದೂಬಳಾ ಜನಾಂಗದ ತರುಣ ತನ್ನ ಮದುವೆಗೆಂದು ಅನಾವಿಲ ಒಡೆಯನಿಂದ ಸಾಲ ಪಡೆಯುತ್ತಿದ್ದ; ಸಾಲ ತೀರುವವರೆಗೆ ಅವನ ದುಡಿಮೆ ಒಡೆಯನದು, ಹೆಂಡತಿಯ ಕೆಲಸ ಒಡೆಯನ ಮನೆಯಲ್ಲಿ. ಸಾಲ ತೀರುತ್ತಿರಲಿಲ್ಲ, ಮಗನಿಗೆ ಬರುತ್ತಿತ್ತು. ಯಾನ್ ಬ್ರೇಮನ್ ಅವರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಸವಿವರವಾದ ಚಿತ್ರವಿದೆ. ದೂಬಳಾ ಎಂಬ ಹೆಸರಿಗೆ ‘ದುರ್ಬಲ’ ಎಂದು ಜನ ಅರ್ಥ ಹೇಳುವುದರಿಂದ ಗಾಂಧೀಮಾರ್ಗದ ಕಾರ್ಯಕರ್ತರು ಅವರಿಗೆ ‘ಹಳಪತಿ’, ನೇಗಿಲಿನ ಒಡೆಯ, ಎಂಬ ಹೊಸ ಹೆಸರನ್ನು ರೂಢಿಗೆ ತಂದರು. ನೇಗಿಲು ಮಾತ್ರ ಬಹುಕಾಲ ಬೇರೆಯವರದಾಗಿಯೇ ಇತ್ತು. ನಮ್ಮಲ್ಲಿ ಇದಕ್ಕೆ ಜೀತವೆಂದು ಹೆಸರು. ಕ್ರಮದಲ್ಲಿ ಭೇದಗಳಿದ್ದರೂ ಸಾಲ, ಮದುವೆ, ಮಗನ ತಲೆಗೆ ಬರುವ ಸಾಲ ಇವು ನಮಗೂ ಅಪರಿಚಿತವಲ್ಲ.

ಅಡ್ಡಹೆಸರುಗಳನ್ನು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ದಾಖಲೆಗಳನ್ನು ಆಶ್ರಯಿಸುತ್ತಾರೆ: ಸನದು, ವತನದ ಪತ್ರ, ಶಾಲೆಯ ಪುಸ್ತಕ. ಅವುಗಳಲ್ಲಿ ಇರುವುದು ಸರಕಾರ ಕೊಟ್ಟ ಹೆಸರು, ಇಲ್ಲವೆ ಮನೆಯವರು ತಾವೇ ಇಟ್ಟುಕೊಂಡ ಹೆಸರು. ಕೆಳಗಿನಿಂದ ಕೂಗಿದ ಹೆಸರು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ನಾನಾಗಲಿ ಆ ಹಿರಿಯರಾಗಲಿ ಮೂರು ಗೋತ್ರ, ನಾಲ್ಕು ದೇವರುಗಳನ್ನು ವಿಚಾರಿಸಿದ ಮೇಲೂ ಅದನ್ನು ಕೇಳಿಕೊಳ್ಳಬೇಕೆಂದು ನಮಗೆ ತೋಚಿರಲಿಲ್ಲ. 1974ರ ಭೂಸುಧಾರಣೆಯಲ್ಲಿ ನಮ್ಮ ಗೇಣಿಯ ಹೊಲಗಳು ಉಳುವವರ ಪಾಲಾದವೆಂದು ಹೇಳಿದೆ. ಪಹಣಿಯಲ್ಲಿ ಈಗ ಅವರ ಹೆಸರುಗಳಿವೆ. ಅವರ ಮಕ್ಕಳು ಯಾರೂ ನಮ್ಮನ್ನು ಧಣಿ ಎನ್ನುವುದಿಲ್ಲ. ಅಪ್ಪನಿಗೆ ಅದು ಕಷ್ಟವಾಗಿತ್ತು. ನಿಮಗೆ, ಎಂದು ಅವರು ಕೇಳಿದರು. ಹೊಲ ಹೋದದ್ದಕ್ಕಿಂತ, ಆ ಮನೆಗಳವರ ಹೆಸರುಗಳಲ್ಲಿ ಒಂದನ್ನೂ ನಾನು ಅಡ್ಡಹೆಸರಿನೊಡನೆ ಪೂರ್ಣವಾಗಿ ಹೇಳಲಾರೆನೆಂಬುದು ಆ ಕ್ಷಣದಲ್ಲಿ ಹೊಳೆಯಿತು. ಹಾಗೆಂದು ಹೇಳಿದೆ. ಅವರು ಕಿಟಕಿಯ ಕಡೆಗೆ ತಿರುಗಿ, ತಮ್ಮ ಮನೆಯ ಹಾಳಿಗಳಲ್ಲಿ ಇಬ್ಬರ ಹೆಸರು ಗೊತ್ತು, ಅವೂ ಪೂರ್ಣವಾಗಿ ಅಲ್ಲ ಎಂದರು.

ಸೂರತ್ ಬಂತು. ಚಳಿಗಾಲವಾದ್ದರಿಂದ ಪೊಂಕ್ ತಿನ್ನದೆ ಹೋಗಬಾರದೆಂದು ಅವರು ನನ್ನನ್ನು ತಾಪಿ ನದಿಯ ಕಡೆಗೆ ಕರೆದುಕೊಂಡು ಹೋದರು. ಹಾಲುಗಾಳಿನ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು, ಹಸಿರು ಕಾಳುಗಳನ್ನು ತೂರಿ ಕೊಡುತ್ತಿದ್ದರು; ಜೊತೆಗೆ ಮೆಣಸಿನ ಸೇವು. ಒಂದು ಹಿಡಿ ಬಾಯಿಗೆ ಹಾಕಿಕೊಂಡಾಗ ಇದು ನಮ್ಮ ಸೀತನಿಯೇ ಎಂದೆ. ಆ ಶಬ್ದವನ್ನು ಅವರು ಎರಡು ಸಲ ಹೇಳಿಸಿಕೊಂಡು, ಕಿಸೆಯಿಂದ ರೈಲಿನ ಟಿಕೇಟು ತೆಗೆದು ಅದರ ಹಿಂದೆ ಗುಜರಾತಿ ಅಕ್ಷರಗಳಲ್ಲಿ ಬರೆದುಕೊಂಡರು. ಅದರ ಮುಂಭಾಗದಲ್ಲಿ ನಮ್ಮ ಹೆಸರಿತ್ತು.